ಆಯೇರದ ಧೋತರ

ಗುಳೇದಗುಡ್ಡದಲ್ಲಿ ನಾನು ಶಾಲಾ ಮಾಸ್ತರನಾಗಿದ್ದಾಗ ಪಕ್ಕದ ಮನೆಯ ಯಜಮಾನರು ಕುಪ್ಪಸದ ಖಣದ ವ್ಯಾಪಾರದಲ್ಲಿ ನಷ್ಟ ಹೊಂದಿ ಮುಳುಗಿದ್ದರು. ಕೋರ್ಟು ಅವರನ್ನು ದಿವಾಳಿ ಎಂದು ಸಾರಿತ್ತು. ಊರು ಮಾತ್ರ ಸಾವ್ಕಾರ್ರು ಎಂದೇ ಕರೆಯುತ್ತಿತ್ತು. ದಿವಾಳಿತನದಿಂದ ಬಿಡುಗಡೆಯ ಆದೇಶ ಬರುವವರೆಗೆ ಕೈಗೆ ಬಂದದ್ದೆಲ್ಲ ಕೋರ್ಟಿನದು ಎಂದು ವಕೀಲರು ಹೇಳಿದ್ದನ್ನು ಅವರು ವ್ರತದಂತೆ ಹಿಡಿದರು. ಛತ್ರಿ ಚೆನ್ನಾಗಿದೆ ಎಂದರೂ, "ಅದು ನಂದಲ್ರಿ, ಮಾಸ್ತರ" ಎನ್ನುವರು. ಬಟ್ಟೆ ಅಂಗಡಿ ಹಾಯುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುವರು. ಬಿಟ್ಟರೆ ಬೆರಳುಗಳು ತಾವಾಗಿಯೇ ಖಣದ ಅಂಚು ತಿಕ್ಕಿ ನೋಡುತ್ತಿದ್ದವು.

ಮಗಳ ಮದುವೆಯಲ್ಲಿ ಇಳಕಲ್ಲಿನ ಬೀಗರು ಆಯೇರವೆಂದು ಅವರಿಗೆ ಹೊಸ ಧೋತರ ಕೊಟ್ಟರು. ಅವರು ಉಡಲಿಲ್ಲ. ಮರುದಿನವೇ ಅದನ್ನು ಕಾಗದದಲ್ಲಿ ಸುತ್ತಿಕೊಂಡು, ಬಾಗಲಕೋಟೆಯ ಕೋರ್ಟಿಗೆ ಒಪ್ಪಿಸಲು ಬಸ್ಸು ಹತ್ತಿದರು. ಅಲ್ಲಿಯ ಗುಮಾಸ್ತ ನಕ್ಕ. "ಯಜಮಾನ್ರ, ಉಡೋ ಅರಿವಿ ಯಾರೂ ಕಸಗೊಳ್ಳಂಗಿಲ್ರಿ. ಮನಿಗೆ ಒಯ್ರಿ."

ಆ ನಗು ಬೀಗರ ಮನೆಯವರೆಗೂ ಹೋಯಿತು. "ನಾವು ಕೊಟ್ಟ ಆಯೇರ ಕೋರ್ಟಿನ ಕಟ್ಟಿ ಹತ್ತಿಸಿದ್ರು, ನಮ್ಮ ಮರ್ಯಾದಿ ಕಳದ್ರು" ಎಂದು ಅವರು ಉರಿದೆದ್ದರು.

ಆ ವರ್ಷದ ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಜೀಕಿದರು. ಮಗಳನ್ನು ಕರೆತರಲು ಹೋದ ಸಾವ್ಕಾರ್ರು ಒಬ್ಬರೇ ತಿರುಗಿ ಬಂದರು.

"ಮಗಳನ್ನ ಕಳಿಸ್ಲಿಲ್ಲೇನ್ರಿ, ಸಾವ್ಕಾರ್ರ?" ಎಂದೆ.

ಅವರ ಕೈಗಳು ನಿಧಾನವಾಗಿ ಬೆನ್ನ ಹಿಂದೆ ಹೋದವು.

"ಅಕಿನೂ ನನ್ನಾಕಿ ಅಲ್ರಿ, ಮಾಸ್ತರ."