ಗೇಟಿನ ಒಳಗಿನವರು

೨೦೨೨ನೆಯ ಇಸವಿ, ನನಗೆ ಆಗ ಐವತ್ತಮೂರು ವರ್ಷ. ಬೆಂಗಳೂರಿನ ನಾಗಸಂದ್ರಕ್ಕೆ ಬಂದ ಮೊದಲ ಭಾನುವಾರ, ಡ್ರಿಲ್ಲಿಂಗ್ ಯಂತ್ರ ಮಾರುವ ಅಂಗಡಿಯೊಂದರ ಮೇಲ್ಮಹಡಿಯಲ್ಲಿ ನಡೆಯುವ ಕ್ರೈಸ್ತ ಆರಾಧನೆಗೆ ಹೋದೆ. "ಒಬ್ಬರಿಗೊಬ್ಬರು ಸಮಾಧಾನ ಹೇಳಿರಿ" ಎಂದು ಸಭಾಪಾಲಕರು ಹೇಳಿದೊಡನೆ, ಪಕ್ಕದ ಕುರ್ಚಿಯವನು ಎಡಗೈಯ ಮೊಬೈಲಿನಿಂದ ಕಣ್ಣೆತ್ತದೆ ಬಲಗೈಯನ್ನು ನನ್ನತ್ತ ಚಾಚಿ, "ಪೀಸ್, ಸಾರ್" ಎಂದ. ನಾನು ಆ ಕೈಯನ್ನು ಹಿಡಿದುಕೊಂಡೆ. ಅದು ಯಾರದ್ದೆಂದು ಇಂದಿಗೂ ತಿಳಿಯದು.

ನಮ್ಮೂರು ಬೆಟಗೇರಿಯಲ್ಲಿ ಸಮಾಧಾನವೆಂಬುದು ಇಷ್ಟು ಸುಲಭವಾಗಿರಲಿಲ್ಲ. ಅಲ್ಲಿ ಕ್ರಿಸ್ತನ ನೆನಪಿಗೆ ರೊಟ್ಟಿ ಹಂಚಿಕೊಳ್ಳುವ ಪ್ರಭುಭೋಜನದ ಹಿಂದಿನ ಶನಿವಾರ ಸಭೆಯ ಹಿರಿಯರು ಮನೆಮನೆಗೆ ಬಂದು, "ಯಾರ ಕೂಡನಾರ ಮುನಿಸು ಐತೇನು?" ಎಂದು ಕೇಳುತ್ತಾರೆ. ಇದ್ದರೆ, ಮುನಿಸಿಕೊಂಡವರಿಬ್ಬರೂ ಒಂದೇ ಮನೆಯಲ್ಲಿ ಕುಳಿತು ಚಹಾ ಕುಡಿಯಬೇಕು. ಕುಡಿಯದವರು ಮರುದಿನ ರೊಟ್ಟಿ ಮುಟ್ಟುವಂತಿಲ್ಲ. ಎಲ್ಲರೂ ಎದ್ದು ಹೋಗುವಾಗ ಅವರು ಬೆಂಚಿನಲ್ಲೇ ಉಳಿಯುತ್ತಾರೆ, ಇಡೀ ಸಭೆ ಅದನ್ನು ನೋಡುತ್ತದೆ. ಈ ನಿಯಮವನ್ನು ನಾನು ಭಾನುವಾರದ ಶಾಲೆಯಲ್ಲಿ ಇಪ್ಪತ್ತು ವರ್ಷ ಕಲಿಸಿದ್ದೇನೆ.

ನಾನು ಶಿಕ್ಷಕನಾಗಿದ್ದ ಕನ್ನಡ ಮಾಧ್ಯಮದ ಶಾಲೆ ಮುಚ್ಚಿತು. ಹೆಂಡತಿ ಸುಲೋಚನಾ ನರ್ಸು. ಅವಳಿಗೆ ತುಮಕೂರು ರಸ್ತೆಯ ಆಸ್ಪತ್ರೆಯೊಂದರಲ್ಲಿ ಕೆಲಸ ದೊರೆಯಿತು, ನನಗೆ ಪೀಣ್ಯದ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ದೊರೆಯದೇ ಇದ್ದದ್ದು ಮನೆ. ಇಲ್ಲಿ ಮನೆಯ ಮಾಲೀಕರನ್ನು ಎಲ್ಲರೂ 'ಓನರ್' ಎನ್ನುತ್ತಾರೆ. ಓನರು ಮೊದಲು ವಿಚಾರಿಸುವುದು ಅಡುಗೆಮನೆಯನ್ನು. "ವೆಜ್ಜಾ, ನಾನ್‌ವೆಜ್ಜಾ ಸಾರ್?" ನಮ್ಮ ಕಡೆಯವರೇ ಆದ ಧಾರವಾಡದ ಇಂಜಿನಿಯರೊಬ್ಬರು ನನ್ನ ಮಾತಿನ ಧಾಟಿಗೆ ಹಿಗ್ಗಿ ಚಹಾ ಕೊಟ್ಟರು, ಹೆಸರು ಕೇಳಿದ ಬಳಿಕ, ಮನೆ ಬೇರೆಯವರಿಗೆ ಮಾತಾಗಿದೆಯೆಂಬುದನ್ನು ನೆನಪಿಸಿಕೊಂಡರು.

ಕೊನೆಗೆ ಮನೆ ಕೊಟ್ಟವರು ನಮ್ಮ ಹೊಸ ಸಭೆಯ ಹಿರಿಯರಾದ ಸ್ಯಾಮ್ಸನ್, ತಾತನ ಕಾಲದಿಂದ ನಾಗಸಂದ್ರದಲ್ಲೇ ಇದ್ದವರು. ಅವರು ಕೆಳಗೆ, ನಾವು ಮೇಲೆ. "ನಮ್ಮೋರಿಗೆ ಕೊಡದೆ ಇನ್ಯಾರಿಗೆ ಕೊಡ್ಲಿ ಸಾರ್?" ಎಂದರು. ಆ ರಾತ್ರಿಯ ಪ್ರಾರ್ಥನೆಯಲ್ಲಿ ಆ ಮಾತಿಗಾಗಿ ದೇವರಿಗೆ ಸ್ತೋತ್ರ ಹೇಳಿದೆ.

ಮರುವರ್ಷ ಒಂದು ಸಂಜೆ ಕೆಲಸದಿಂದ ಹಿಂದಿರುಗುತ್ತಿದ್ದಾಗ, ಒಡಿಶಾದ ಕೂಲಿಯವನೊಬ್ಬನನ್ನು ಏಳೆಂಟು ಜನ ಅಟ್ಟಿಸಿಕೊಂಡು ಬಂದರು. ಕಾರ್ಖಾನೆಯೊಂದರಿಂದ ತಾಮ್ರದ ತಂತಿ ಕದ್ದನೆಂಬ ಆರೋಪ. ಅವನು ಓಡಿಬಂದು ನಮ್ಮ ಗೇಟಿನ ಸರಳು ಹಿಡಿದುಕೊಂಡ. ಒಳಗೆ ಸ್ಯಾಮ್ಸನ್ ಬೀಗ ಹಾಕುತ್ತಿದ್ದರು.

"ತೆಗೀರಿ ಸ್ಯಾಮ್ಸನ್. ಹೊಡೆದು ಸಾಯಿಸ್ತಾರೆ."

"ನೀವು ಪಕ್ಕದ ಸಂದಿಯಿಂದ ಬಂದ್ಬಿಡಿ ಸಾರ್. ಅವನು ಬೇಡ."

"ಅವನಿಗಾಗಿಯೇ ಕೇಳ್ತಿರೋದು."

"ಈ ಬೀದೀಲಿ ನಮ್ದು ಎರಡೇ ಮನೆ. ಮತಾಂತರ ಮಾಡ್ತಾರೆ ಅಂತ ಮೊದಲೇ ನಮ್ಮೇಲೆ ಕಣ್ಣು. ಕಳ್ಳನ್ನೂ ಬಚ್ಚಿಟ್ರು ಅಂದ್ರೆ ನಾಳೆ ಇಲ್ಲಿ ಬದುಕೋಕಾಗುತ್ತಾ?"

ಅವರ ಭಯ ಸುಳ್ಳಾಗಿರಲಿಲ್ಲ. ಆದರೆ ಬೀಗ ಅದಕ್ಕಿಂತ ನಿಜವಾಗಿತ್ತು. ಅಡ್ಡ ಹೋದ ನನ್ನನ್ನು ಒಬ್ಬ ಗೋಡೆಗೆ ದೂಡಿದ. ಅವನಿಗೆ ಪೈಪಿನಿಂದ ಹೊಡೆದರು. ಡ್ಯೂಟಿ ಮುಗಿಸಿ ಬಂದ ಸುಲೋಚನಾ ಗುಂಪಿನೊಳಕ್ಕೆ ನುಗ್ಗಿ, ಸೆರಗನ್ನು ಅವನ ಕಣ್ಣಿಗೆ ಒತ್ತಿ ಹಿಡಿದು ನೆಲದ ಮೇಲೆ ಕುಳಿತುಬಿಟ್ಟಳು. ಆಗ ಗುಂಪು ಚದುರಿತು. ತಂತಿ ಮರುದಿನ ಕಾರ್ಖಾನೆಯಲ್ಲೇ ಸಿಕ್ಕಿತು. ಅವನ ಒಂದು ಕಣ್ಣು ಹೋಯಿತು. ಅವನು ಊರಿಗೆ ಹೋದ.

ಮುಂದಿನ ಶನಿವಾರ ನಮ್ಮ ಪದ್ಧತಿಯಂತೆ ನಾನೇ ಕೆಳಗಿಳಿದು ಹೋಗಿ, ನಮ್ಮಿಬ್ಬರ ನಡುವೆ ಮುನಿಸಿದೆಯೆಂದು ಸ್ಯಾಮ್ಸನ್‌ಗೆ ತಿಳಿಸಿದೆ.

"ನಿಮಗೇನ್ ಮಾಡ್ದೆ ಸಾರ್ ನಾನು? ಬಾಡಿಗೆ ಏರಿಸಿದ್ನಾ?"

ಅಂದಿನಿಂದ ಪ್ರತಿ ತಿಂಗಳ ಪ್ರಭುಭೋಜನದಲ್ಲಿ ನಾನು ಕುರ್ಚಿಯಲ್ಲೇ ಕುಳಿತೆ. ಬೆಟಗೇರಿಯಾಗಿದ್ದರೆ ಸಂಜೆಯೊಳಗೆ ಹಿರಿಯರು ಬಾಗಿಲಿಗೆ ಬರುತ್ತಿದ್ದರು. ಇಲ್ಲಿ ಯಾರೂ ಗಮನಿಸಲಿಲ್ಲ. ಎಷ್ಟೋ ತಿಂಗಳ ನಂತರ ಸಭಾಪಾಲಕರು ಬಳಿಗೆ ಬಂದು, "ಮಂಡಿನೋವಾ ಸಾರ್? ಕೂತಲ್ಲೇ ತಂದುಕೊಡ್ತೀನಿ" ಎಂದರು. "ಕರುಣೆಯುಳ್ಳವರು ಧನ್ಯರು" ಎಂಬ ವಾಕ್ಯವನ್ನು ಅಂದು ಓದಿದವರು ಸ್ಯಾಮ್ಸನ್, ಉಚ್ಚಾರಣೆಯಲ್ಲಿ ದೋಷವಿರಲಿಲ್ಲ.

ಈ ಫೆಬ್ರವರಿಯ ಕೊನೆಯ ಭಾನುವಾರ ಕಣ್ಣು ಕಳೆದುಕೊಂಡಿದ್ದ ಆ ಕೂಲಿಯವನು ಆರಾಧನೆಗೆ ಬಂದ. ಹೆಸರು ರಂಜಿತ್. ಪೀಣ್ಯದ ಕೆಲಸಕ್ಕೇ ಮರಳಿದ್ದ. ಕಣ್ಣು ಒತ್ತಿ ಹಿಡಿದ ಅಕ್ಕನನ್ನು ಹುಡುಕಿಕೊಂಡು ಬಂದಿದ್ದ. ಕೊರಳ ದಾರದಲ್ಲಿ ಮರದ ಪುಟ್ಟ ಶಿಲುಬೆ. ಸುಲೋಚನಾ ಅದನ್ನು ಅವನಿಗೆ ಹೊಡೆದ ಸಂಜೆಯೇ ಕಂಡಿದ್ದಳಂತೆ. ನನಗೇಕೆ ಹೇಳಲಿಲ್ಲವೆಂದು ಕೇಳಿದೆ.

"ಹೇಳಿದ್ರ ಗಾಯ ಬ್ಯಾರೆ ಆಗತಿತ್ತೇನು?" ಎಂದಳು.

ಸ್ಯಾಮ್ಸನ್ ಶಿಲುಬೆಯನ್ನು ನೋಡಿದರು, ಆಮೇಲೆ ಕಣ್ಣಿದ್ದ ಜಾಗವನ್ನು. ಅವನನ್ನೂ ನಮ್ಮನ್ನೂ ಮನೆಗೆ ಕರೆದೊಯ್ದು, ಅವನ ಎರಡೂ ಕೈ ಹಿಡಿದು ಅತ್ತರು. ಅದು ನಟನೆಯಾಗಿರಲಿಲ್ಲ. "ನಮ್ಮೋನು ಅಂತ ಗೊತ್ತಿದ್ದಿದ್ರೆ ಗೇಟ್ ತೆಗೀತಿದ್ದೆ ಕಣಪ್ಪಾ" ಎಂದರು.

"ನಮ್ಮವನಲ್ಲದಿದ್ದರೆ?" ಎಂದೆ.

ಪಾಠದಲ್ಲಿ ಇಲ್ಲದ ಪ್ರಶ್ನೆ ಕೇಳಿದವನನ್ನು ನೋಡುವಂತೆ ಅವರು ನನ್ನನ್ನು ನೋಡಿದರು. ಬೀಗಕ್ಕಿಂತ ಆ ನೋಟ ನನಗೆ ಕಹಿಯಾಯಿತು. ಏಕೆಂದರೆ ನನಗೆ ಮನೆ ದೊರೆತದ್ದೂ ಅದೇ 'ನಮ್ಮೋರು' ಎಂಬ ಮಾತಿನಿಂದ.

"ಬಿಡಿ ಅಣ್ಣಾ. ಆಯ್ತು" ಎಂದ ರಂಜಿತ್, ತನಗೆ ಬರುವಷ್ಟು ಕನ್ನಡದಲ್ಲಿ. ಚಹಾ ಬಂತು. ನಾಲ್ವರೂ ಕುಡಿದೆವು.

ಮೇಲೆ ಬಂದ ಮೇಲೂ ನಾನು ಗೊಣಗುತ್ತಿದ್ದೆ. ಸುಲೋಚನಾ, "ಅಂವನ ಕಣ್ಣು, ಅಂವ ಬಿಟ್ಟಾನ. ಹಿಡಕೊಂಡು ಕೂಡ್ಲಿಕ್ಕೆ ನೀವ್ಯಾರ್ರೀ?" ಎಂದಳು. ನೊಂದವನು ಕ್ಷಮಿಸಿ ಚಹಾ ಕುಡಿದರೆ ಮುನಿಸು ತೀರಿತು: ನಾನೇ ಕಲಿಸಿದ ನಿಯಮ. ಅದಕ್ಕೆ ಅಪವಾದವನ್ನು ನಾನು ಎಂದೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ಭಾನುವಾರ ಎದ್ದು ಹೋಗಿ ಸ್ಯಾಮ್ಸನ್ ಪಕ್ಕದಲ್ಲಿ ಮೊಣಕಾಲೂರಿದೆ. ರೊಟ್ಟಿ ನುಂಗಿದೆ, ಸಮಾಧಾನ ಇಳಿಯಲಿಲ್ಲ. ಬೆಟಗೇರಿಯವರು ಈಗ ನನ್ನನ್ನು 'ಬೆಂಗಳೂರಿನವರು' ಎನ್ನುತ್ತಾರೆ, ಇಲ್ಲಿಯವರು 'ಆ ಕಡೆಯೋರು' ಎನ್ನುತ್ತಾರೆ. ಸ್ಯಾಮ್ಸನ್ ಮಾತ್ರ ಈಗಲೂ 'ನಮ್ಮೋರು' ಎನ್ನುತ್ತಾರೆ. ಆರಾಧನೆ ಮುಗಿಸಿ ಒಟ್ಟಿಗೆ ಮನೆಗೆ ಬಂದೆವು. ಅವರು ಗೇಟು ತೆಗೆದು, ನನ್ನನ್ನು ಮೊದಲು ಒಳಗೆ ಬಿಟ್ಟು, ಹಿಂದಿನಿಂದ ಬೀಗ ಹಾಕಿದರು. ನಾನು ಒಳಗೇ ಇದ್ದೆ. ಅಂದು ೨೦೨೪ರ ಮಾರ್ಚ್ ೩, ಭಾನುವಾರ.