ಬುಗ್ಗಮ್ಮನ ಸಂಚಿಯ ಮಣ್ಣು

ನನ್ನ ಸೋದರತ್ತೆ ಬುಗ್ಗಮ್ಮನಿಗೆ ಈಗ ಎಂಬತ್ತು. ಹತ್ತು ವರ್ಷದವಳಿದ್ದಾಗ ತಾಯಿ ಕಿಷ್ಟಮ್ಮನ ಜೊತೆ ಮಾಗನೂರು ಬಿಟ್ಟು, ತಾಪಿ ಹೊಳೆಯ ದಂಡೆಯ ಗಿರಣಿ ಊರಿಗೆ ದುಡಿಯಲು ಹೋದವಳು. ಗಿರಣಿಯ ಚಿಮಣಿಗೆ ಇಟ್ಟಿಗೆ ಹೊರುತ್ತಲೇ ಕಿಷ್ಟಮ್ಮ ಬಿದ್ದು ಸತ್ತಳು. ಹೊಳೆದಂಡೆಗೆ ಹೂಳಿದರು. ಮರುದಿನ ಗಿರಣಿಯ ಮ್ಯಾನೇಜರ್ ತಾಯಿಯ ಬುಟ್ಟಿಯನ್ನೇ ಮಗಳ ತಲೆಗೆ ಇಟ್ಟ. ಮೂರು ವರ್ಷ ಹೊತ್ತಳು. ಆಮೇಲೆ ಗಂಡನ ಜೊತೆ ಎಷ್ಟೋ ಊರು ಕಟ್ಟಿದಳು. ಒಂದರಲ್ಲೂ ಅವಳಿಗೆ ಮನೆಯಿಲ್ಲ.

ಹೋದ ವರ್ಷ ಒಂದೇ ಹಟ ಹಿಡಿದಳು. "ಅವ್ವನ ಕುಣಿ ಮಣ್ಣು ಒಂದ್ ಹಿಡಿ ತಾರೋ. ನಾ ಸತ್ತರ ನನ್ನ ಕೂಡ ಹಾಕು."

"ಎಲ್ಲಿ ಐತಿ?"

"ಚಿಮಣಿಯಿಂದ ಹೊಳೆಗುಂಟ ಕೆಳಗ, ನೂರು ಹೆಜ್ಜಿ."

ಹೋದೆ. ನಮ್ಮ ಕಡೆ ಹೊಳೆಗುಂಟ ಕೆಳಗೆ ಎಂದರೆ ಮೂಡಲು. ಕೃಷ್ಣೆ ಹರಿಯುವುದೇ ಹಾಗೆ. ಅಲ್ಲಿ ನೀರು ಒಡ್ಡಿಗೆ ನಿಂತಿತ್ತು, ಹರಿವು ಕಾಣಲಿಲ್ಲ. ಇನ್ನೊಬ್ಬರನ್ನು ಕೇಳುವುದು ನನ್ನ ಜಾಯಮಾನವಲ್ಲ. ಮೂಡಲಿಗೆ ನೂರು ಹೆಜ್ಜೆ ಎಣಿಸಿ, ಒಂದು ಪಾಳುಗೋಡೆಯ ಬುಡದ ಮಣ್ಣು ತಂದೆ. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಎಲೆಅಡಿಕೆ ಸಂಚಿಯಲ್ಲಿಟ್ಟಳು. ಸೊಂಟದಿಂದ ಆ ಸಂಚಿ ಇಳಿಯಲೇ ಇಲ್ಲ.

ಮೊನ್ನೆ ನನ್ನ ಮಗಳು ಸ್ರವಂತಿ ಆ ಊರಿನ ಹಳೇ ಸರ್ವೆ ನಕ್ಷೆಯನ್ನು ನಾರಾಯಣಪೇಟೆಯಲ್ಲಿ ಪ್ರಿಂಟ್ ತೆಗೆಸಿ ತಂದಳು. ಐವತ್ತೇಳನೇ ಇಸವಿಯದು. ಅಜ್ಜಿಗೆ ತೋರಿಸುವ ಉಮೇದು. ಚಿಮಣಿ, ರೈಲು ಹಳಿ, ಬಾವಿ, ಒಂಟಿ ಮರ, ಎಲ್ಲ ಇತ್ತು.

"ನಮ್ಮ ಗುಡಿಸಲು?" ಅತ್ತೆ ಕೇಳಿದಳು.

"ಹಾಕಿಲ್ಲಜ್ಜಿ."

"ಮುನ್ನೂರು ಇದ್ವು. ಮರ ಕಂಡ ಕಣ್ಣಿಗೆ ನಾವು ಕಾಣಲಿಲ್ಲೇನು?"

ಸ್ರವಂತಿಯ ಬೆರಳು ಹೊಳೆಯ ಮೇಲಿನ ಬಾಣದ ಗುರುತಿಗೆ ನಿಂತಿತು. "ಅಪ್ಪಾ, ಈ ಹೊಳಿ ಪಡುವಲಕ್ಕ ಹರೀತೈತಿ. ನೀ ಮೂಡಲಕ್ಕ ಹೋಗಿದ್ದಿ."

"ಸುಮ್ಕಿರು. ನಾಲ್ಕಕ್ಷರ ಕಲ್ತು ಅಪ್ಪಗ ಹೊಳಿ ತೋರಸ್ತಿ?" ನಕ್ಷೆ ಕಿತ್ತುಕೊಂಡೆ. ಚೂರು ಮಾಡುವವನಿದ್ದೆ. ಅತ್ತೆ ನನ್ನ ಮುಂಗೈ ಹಿಡಿದಳು.

"ಇವ ಮಣ್ಣು ತಂದ ಜಾಗ ಯಾವ್ದು, ಓದವ್ವಾ."

"ಮ್ಯಾನೇಜರ್ ಬಂಗ್ಲಾ ಅಂತೈತಿ."

"ಪಡುವಲಕ್ಕ?"

ಸ್ರವಂತಿ ಫೋನಿನಲ್ಲಿ ಈಗಿನ ಊರು ತೆಗೆದಳು. ಚಿಮಣಿಯ ಪಡುವಲಿಗೆ, ಹೊಳೆಯ ಉದ್ದಕ್ಕೂ, ಗೋದಾಮಿನ ತಗಡು. ಅಂಗೈಯಗಲ ನೆಲ ಕಾಣಲಿಲ್ಲ.

ಅತ್ತೆ ಸಂಚಿ ಬಿಚ್ಚಿದಳು. ಅಡಿಕೆ ಚೂರು ಆರಿಸಿಟ್ಟುಕೊಂಡು, ಮಣ್ಣನ್ನು ಬಾಗಿಲ ಹೊರಗೆ ಕೊಡವಿದಳು.

"ನನ್ನ ತಲಿಮ್ಯಾಗ ಬುಟ್ಟಿ ಇಟ್ಟೋನ ಅಂಗಳದ ಮಣ್ಣು," ಎಂದಳು. "ಅದನ್ನ ನನ್ನ ಎದಿಮ್ಯಾಗೂ ಹಾಕ್ತಿದ್ದಿಯಲ್ಲೋ, ಮೌನೇಶಾ."