ಬಾಲದ ಚುಕ್ಕಿಗೆ ಮರೆಯಾಗಿ ಕಂಬಳಿ

ಮೊನ್ನೆ ಸಂಜೆ ಹಿರಿಯೂರಿನ ನಮ್ಮ ಮನೆಯಲ್ಲಿ, ಎಂಟು ತಿಂಗಳ ಬಸುರಿ ಮಗಳು ಧೂಮಕೇತು ನೋಡಬೇಕೆಂದು ತಾರಸಿಗೆ ಹೊರಟಳು. ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಹಾಶಯನಾದ ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ. ಏಕೆಂದು ಕೇಳಿದಾಗ ಮೆಟ್ಟಿಲು ಜಾರುತ್ತವೆ ಎಂದೆ. ಮಳೆ ನಿಂತು ವಾರವಾಗಿತ್ತು. ನೀವು ನಗಬಹುದು, ನಗಿ. ಆದರೆ ನನಗೆ ಹೆದರಿಕೆಯಾದದ್ದು ಸುಳ್ಳಲ್ಲ.

ಹಿಂದೆ ನಾವು ಮತ್ತೋಡಿನಲ್ಲಿದ್ದಾಗ, ಒಂದು ಬೇಸಿಗೆಯಲ್ಲಿ ಹೀಗೆಯೇ ಬಾಲದ ಚುಕ್ಕಿಯೊಂದು ದಿನಾ ಸಂಜೆ ಪಡುವಣದಲ್ಲಿ ಬರಿಗಣ್ಣಿಗೆ ಕಾಣುತ್ತಿತ್ತು. ಕುರಿ ಸಾಕಿ ಬದುಕಿದ ನಮ್ಮ ಅಜ್ಜಿಯ ಪ್ರಕಾರ ಅದು ಗಬ್ಬದ ಕುರಿಗೂ ಬಸುರಿ ಹೆಂಗಸಿಗೂ ಕೇಡು. ಹೊತ್ತು ಮುಳುಗುವ ಮೊದಲೇ ಕುರಿಗಳನ್ನು ರೊಪ್ಪದೊಳಗೆ, ಹೆರಿಗೆಗೆ ಬಂದಿದ್ದ ನನ್ನ ತಂಗಿಯನ್ನು ನಡುಮನೆಯೊಳಗೆ ಕೂಡಿಹಾಕುತ್ತಿದ್ದಳು. ತಂಗಿಗೋ ಅದನ್ನು ಒಮ್ಮೆಯಾದರೂ ನೋಡುವ ಆಸೆ.

ಗ್ರಹಚಾರಕ್ಕೆ ನೋವು ಶುರುವಾದದ್ದೂ ಸಂಜೆಯೇ. ಸೂಲಗಿತ್ತಿ ಮುಟ್ಟಿ ನೋಡಿ, ಮಗು ಅಡ್ಡವಾಗಿದೆ, ಹೊಸದುರ್ಗದ ಆಸ್ಪತ್ರೆಗೇ ಒಯ್ಯಬೇಕು ಎಂದಳು. ಜೀಪು ಬಂದು ನಿಂತಿತು. ಚುಕ್ಕಿ ಮುಳುಗುವವರೆಗೆ ಹೊಸ್ತಿಲು ದಾಟಕೂಡದೆಂದು ಅಜ್ಜಿ ಬಾಗಿಲಲ್ಲೇ ಕೂತುಬಿಟ್ಟಳು. ನಾನು ಕೂಗಾಡಿದೆ. ಕೊನೆಗೊಂದು ರಾಜಿಯಾಯಿತು: ತಂಗಿಗೆ ತಲೆಯಿಂದ ಕಾಲಿನವರೆಗೆ ಕರಿ ಕಂಬಳಿ ಹೊದಿಸುವುದು. ಅದರ ಅಂಚನ್ನು ಬಿಗಿಯಾಗಿ ಹಿಡಿದು ಅಜ್ಜಿ ಜೀಪಿನ ಹಿಂದೆ ಕೂತಳು. ನಾನು ಡ್ರೈವರ್ ಪಕ್ಕ.

ದಾರಿಯೋ ನೇರ ಚುಕ್ಕಿಯ ಕಡೆಗೇ. ಹಾಳಾದ್ದು, ಚೆಂದವಾಗಿಯೇ ಇತ್ತು. ಹಿಂದಿನಿಂದ ಕೇಳುತ್ತಿದ್ದ ನರಳಾಟ ನಡುದಾರಿಯಲ್ಲಿ ನಿಂತುಹೋಯಿತು. ನೋವು ಇಳಿಯಿತೇನೋ ಎಂದುಕೊಂಡು ನಾವೆಲ್ಲ ಸ್ವಲ್ಪ ಹೊತ್ತು ಸಮಾಧಾನದಿಂದಲೇ ಇದ್ದೆವು. ಆಮೇಲೆ ಅಜ್ಜಿ ಕಂಬಳಿಯ ಮೇಲಿಂದಲೇ ತಡವಿದಳು, ಹೆಸರು ಹಿಡಿದು ಕರೆದಳು, ಅಲುಗಿಸಿದಳು. ಉತ್ತರವಿಲ್ಲ.

ಅಜ್ಜಿಯೇ ಕಂಬಳಿಯನ್ನು ಕಿತ್ತು ಆಚೆ ರಸ್ತೆಗೆ ಎಸೆದಳು. ತಂಗಿಯ ಮುಖ ಬೆವರಲ್ಲಿ ತೊಯ್ದು ಬಿಳಿಚಿಕೊಂಡಿತ್ತು. ಚುಕ್ಕಿ ಇನ್ನೂ ಮುಳುಗಿಲ್ಲವಲ್ಲ ಎಂದು ಡ್ರೈವರ್ ಅನುಮಾನಿಸಿದ.

"ಇರ್ಲಿ ಬಿಡಪ್ಪ. ಮೊದ್ಲು ನನ್ ಕೂಸು ಉಸ್ರಾಡ್ಲಿ. ನೀನು ಜೋರಾಗಿ ಹೊಡಿ," ಎಂದಳು ಅಜ್ಜಿ.

ಗಾಳಿ ತಗುಲಿ ತಂಗಿ ಕಣ್ಣು ಬಿಟ್ಟಳು. ಎದುರಿಗೇ ಚುಕ್ಕಿ. ಅಜ್ಜಿ ಅವಳ ಕಣ್ಣು ಮುಚ್ಚಲಿಲ್ಲ. ಸೆರಗಿನಿಂದ ಗಾಳಿ ಹಾಕುತ್ತಾ ಕೂತಿದ್ದಳು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದರು. ಇಬ್ಬರೂ ಉಳಿದರು.

ಇಷ್ಟನ್ನೂ ಬಾಗಿಲಲ್ಲಿ ನಿಂತೇ ಮಗಳಿಗೆ ಹೇಳಿದೆ. ಅವಳು ಕೇಳಿಸಿಕೊಂಡು, "ಹಂಗಾರೆ ನೀನ್ಯಾಕಪ್ಪ ಅಡ್ಡ ನಿಂತಿದ್ದೀಯ?" ಎಂದಳು.

ಸರಿದು ದಾರಿ ಬಿಟ್ಟೆ. ತಾರಸಿಯಲ್ಲಿ ಅವಳು ಪಡುವಣಕ್ಕೆ ಮುಖ ಮಾಡಿ ನಿಂತಳು. ಪಕ್ಕದಲ್ಲಿ ನಾನು ಅವಳ ಉಸಿರನ್ನೇ ಕೇಳುತ್ತಾ ನಿಂತಿದ್ದೆ. ಧೂಮಕೇತು ಹೇಗಿತ್ತೆಂದು ನೀವು ಕೇಳಿದರೆ, ನಾನು ನೋಡಲಿಲ್ಲ.